ಕಪೋನ್ ಸಹಿ ಇರುವ ಕಾಗದ: ಕೊಳ್ಳಬಹುದಾ, ಬೇಡವಾ?

ಓದುಗರ ಪ್ರಶ್ನೆ: ನಾನು ಶಿವಮೊಗ್ಗ ಕಡೆಯವನು. ಕೆಲಸದ ಮೇಲೆ ಡಲ್ಲಾಸ್‌ಗೆ ಬಂದು ಇಲ್ಲೇ ಸಂಸಾರ ಹೂಡಿದ್ದೇನೆ. ಹಳೆಯ ಅಮೆರಿಕದ ದರೋಡೆಕೋರರು, ಗ್ಯಾಂಗ್‌ಸ್ಟರ್‌ಗಳ ಬಗ್ಗೆ ಓದುವ ಹುಚ್ಚು ಮೊದಲಿನಿಂದಲೂ ಇದೆ. ಇಷ್ಟು ದಿನ ಹಳೇ ಪತ್ರಿಕೆ, ಪೋಸ್ಟ್‌ಕಾರ್ಡ್ ಮಾತ್ರ ಕೊಳ್ಳುತ್ತಿದ್ದೆ. ಈಗ ಆನ್‌ಲೈನ್‌ನಲ್ಲಿ ಪರಿಚಯವಾದ ಒಬ್ಬ ವ್ಯಾಪಾರಿ, ಶಿಕಾಗೋದ ಗ್ಯಾಂಗ್‌ಸ್ಟರ್ ಅಲ್ ಕಪೋನ್ 1936ರಲ್ಲಿ ಆಲ್ಕಟ್ರಾಜ್ ಜೈಲಿನಿಂದ ಅಭಿಮಾನಿಯೊಬ್ಬರಿಗೆ ಬರೆದ ಒಂದು ಪುಟದ ಕಾಗದ ತನ್ನ ಹತ್ತಿರ ಇದೆ ಅಂತಿದ್ದಾನೆ. ಬೆಲೆ 2,200 ಡಾಲರ್. ನೀಲಿ ಇಂಕು, ಕೆಳಗೆ 'ಸ್ಕಾರ್‌ಫೇಸ್ ಅಲ್ ಕಪೋನ್' ಅಂತ ಸಹಿ, ಜೊತೆಗೆ ಅಸಲಿ ಅನ್ನುವ ಸರ್ಟಿಫಿಕೇಟ್. ಬಾನಿ-ಕ್ಲೈಡ್ ದರೋಡೆಕೋರ ಜೋಡಿಯ ಬಾನಿ ಪಾರ್ಕರ್ ಸತ್ತಾಗ ತೊಟ್ಟಿದ್ದ ಉಡುಪಿನ ಒಂದು ಚೂರನ್ನೂ ಕಡಿಮೆಗೆ ಸೇರಿಸಿ ಕೊಡುತ್ತಾನಂತೆ. ನನ್ನ ಹೆಂಡತಿಗೆ ಇದು ಸುತರಾಂ ಇಷ್ಟವಿಲ್ಲ. ಕೊಲೆಗಾರನ ಕೈಬರಹ ಮನೆಯಲ್ಲಿಟ್ಟರೆ ಒಳ್ಳೇದಾಗಲ್ಲ ಅಂತಾಳೆ. ಇದು ಅಸಲಿ ಇರಬಹುದಾ? ಕೊಳ್ಳೋದು ಕಾನೂನುಬದ್ಧವಾ? ಮುಂದೆ ಊರಿಗೆ ವಾಪಸ್ ಹೋಗುವಾಗ ತಗೊಂಡು ಹೋಗಬಹುದಾ? ಬೆಲೆ ಏರುತ್ತಾ? ಫೋಟೊಗಳನ್ನು ಕಳಿಸಿದ್ದೇನೆ.

ಉತ್ತರ:

ಮೊದಲು ನೇರವಾಗಿ ಹೇಳಿಬಿಡುತ್ತೇನೆ. ಈ ಕಾಗದಕ್ಕೆ ಹಣ ಕೊಡಬೇಡಿ. ಉಡುಪಿನ ಚೂರಿಗಂತೂ ಬೇಡವೇ ಬೇಡ. ಹಳೆ ಕಾಗದಪತ್ರ ಪರೀಕ್ಷೆ ಮಾಡೋದು ನನ್ನ ಕಸುಬು. ಸಾಮಾನ್ಯವಾಗಿ ಫೋಟೊ ನೋಡಿ ತೀರ್ಪು ಕೊಡಲು ನಾನು ಹಿಂಜರಿಯುತ್ತೇನೆ. ಆದರೆ ಇಲ್ಲಿ ಇಂಕು, ಪೇಪರ್ ತನಕ ಹೋಗುವ ಅಗತ್ಯವೇ ಬರಲಿಲ್ಲ. ಕಾಗದದಲ್ಲಿ ಬರೆದಿರುವ ಮಾತುಗಳೇ ಅದನ್ನು ಬಿಟ್ಟುಕೊಡುತ್ತಿವೆ.

ಕಪೋನ್‌ಗೆ 'ಸ್ಕಾರ್‌ಫೇಸ್' ಅನ್ನುವ ಹೆಸರು ಕಂಡರೆ ಆಗುತ್ತಿರಲಿಲ್ಲ. ಗಾಯದ ಮುಖದವನು ಅಂತ ಅರ್ಥ, ಅದು ಪತ್ರಿಕೆಗಳು ಇಟ್ಟ ಹೆಸರು. ಕೆನ್ನೆಯ ಗಾಯದ ಗುರುತು ಕಾಣಬಾರದು ಅಂತ ಫೋಟೊಗೆ ನಿಲ್ಲುವಾಗ ಆ ಕಡೆ ಮುಖ ತಿರುಗಿಸುತ್ತಿದ್ದ ಮನುಷ್ಯ ಅವನು. ಹತ್ತಿರದವರು ಕರೆಯುತ್ತಿದ್ದದ್ದು 'ಸ್ನಾರ್ಕಿ' ಅಂತ. ಅಂಥವನು ತಾನೇ ಕೈಯಾರೆ 'ಸ್ಕಾರ್‌ಫೇಸ್' ಅಂತ ಸಹಿ ಹಾಕುತ್ತಾನಾ? ಆ ಹೆಸರು ಇವತ್ತಿನ ಗಿರಾಕಿಗೆ ರುಚಿಸಲಿ ಅಂತ ಹಾಕಿದ್ದು, ಅಷ್ಟೇ.

ಎರಡನೆಯದು ಜೈಲು. ಆಲ್ಕಟ್ರಾಜ್ ಸಾಮಾನ್ಯ ಜೈಲಾಗಿರಲಿಲ್ಲ. ಕಪೋನ್ 1934ರಲ್ಲಿ ಅಲ್ಲಿಗೆ ಹೋದ, 1939ರಲ್ಲಿ ಹೊರಬಿದ್ದ. ಆ ವರ್ಷಗಳಲ್ಲಿ ಕೈದಿ ಯಾರಿಗೆ ಬರೆಯಬಹುದು ಅನ್ನುವುದನ್ನು ಜೈಲಿನವರು ಮೊದಲೇ ಒಪ್ಪಿರಬೇಕಿತ್ತು. ಹೆಚ್ಚುಕಡಿಮೆ ಮನೆಯವರಿಗೆ ಮಾತ್ರ. ಪ್ರತಿ ಕಾಗದವೂ ತಪಾಸಣೆ ಆಗುತ್ತಿತ್ತು. ಹೊರಗಿನಿಂದ ಬಂದ ಕಾಗದಗಳನ್ನಂತೂ ಟೈಪ್ ಮಾಡಿಸಿ ಆ ಪ್ರತಿಯನ್ನೇ ಕೈದಿಗೆ ಕೊಡುತ್ತಿದ್ದರು, ಮೂಲ ಕಾಗದ ಅವನ ಕೈ ಸೇರುತ್ತಿರಲಿಲ್ಲ. ಅಂಥ ಜಾಗದಿಂದ ಮುಖ ಪರಿಚಯವಿಲ್ಲದ ಅಭಿಮಾನಿಗೆ ಒಂದು ಪುಟದ ಪ್ರೀತಿಯ ಕಾಗದ ಹೊರಗೆ ಬಂತು ಅಂದರೆ, ಹೇಗೆ ಬಂತು ಅನ್ನೋದಕ್ಕೆ ವ್ಯಾಪಾರಿ ಬಳಿ ದೊಡ್ಡ ಕಥೆಯೇ ಇರಬೇಕು. ನಿಮಗೆ ಅವನು ಬರೆದಿರುವುದರಲ್ಲಿ ಅಂಥದ್ದೇನೂ ಇಲ್ಲ.

ಅಸಲಿ ಎಂದು ಒಪ್ಪಿದ ಕಾಗದ ಹೇಗಿರುತ್ತೆ ನೋಡಿ. ಕಪೋನ್ ಆಲ್ಕಟ್ರಾಜ್‌ನಿಂದ ಮಗನಿಗೆ ಬರೆದ ಮೂರು ಪುಟದ ಕಾಗದ 2016ರಲ್ಲಿ ಹರಾಜಾಯಿತು. ಪೆನ್ಸಿಲ್ ಬರಹ. ಕೆಳಗೆ 'ಆಲ್ಫಾನ್ಸ್ ಕಪೋನ್' ಅಂತ ಪೂರ್ತಿ ಹೆಸರು, ಪಕ್ಕದಲ್ಲಿ ಕೈದಿ ಸಂಖ್ಯೆ 85. ಅದು ಹೋದದ್ದು 62,500 ಡಾಲರ್‌ಗೆ. 2021ರ ಅಕ್ಟೋಬರ್‌ನಲ್ಲಿ ಮೊಮ್ಮಕ್ಕಳೇ ಸ್ಯಾಕ್ರಮೆಂಟೊದಲ್ಲಿ ಮನೆಯ ವಸ್ತುಗಳನ್ನು ಹರಾಜಿಗಿಟ್ಟಾಗ ಅವನ ಮೆಚ್ಚಿನ ಕೋಲ್ಟ್ ಪಿಸ್ತೂಲು ಒಂದೇ 8,60,000 ಡಾಲರ್ ತಂದಿತು. ಒಟ್ಟು 30 ಲಕ್ಷ ಡಾಲರ್ ದಾಟಿತು. ಇದೆಲ್ಲ ಆ ವ್ಯಾಪಾರಿಗೂ ಗೊತ್ತು. ಅಸಲಿ ಕಾಗದ ಕೈಯಲ್ಲಿದ್ದವನು ಅದನ್ನು 2,200ಕ್ಕೆ ಯಾಕೆ ಮಾರುತ್ತಾನೆ? "ಅವನಿಗೆ ಬೆಲೆ ಗೊತ್ತಿಲ್ಲ, ನನ್ನ ಅದೃಷ್ಟ" ಅನ್ನುವ ಆಸೆ ಎಲ್ಲ ಸಂಗ್ರಾಹಕರಲ್ಲೂ ಇರುತ್ತೆ, ಖೋಟಾ ಮಾಡುವವನು ಬೆಲೆ ಇಡುವುದೇ ಆ ಆಸೆಯನ್ನು ಲೆಕ್ಕ ಹಾಕಿ. ತುಂಬಾ ಕಡಿಮೆ ಇಟ್ಟರೆ ಅನುಮಾನ ಬರುತ್ತೆ, ತುಂಬಾ ಜಾಸ್ತಿ ಇಟ್ಟರೆ ಗಿರಾಕಿ ಪರೀಕ್ಷೆಗೆ ಕೊಡುತ್ತಾನೆ. ಎರಡು ಸಾವಿರದ ಆಸುಪಾಸು ಅನ್ನೋದು ಪರೀಕ್ಷೆಗೆ ಖರ್ಚು ಮಾಡಲು ಮನಸ್ಸು ಬಾರದ, ಆದರೆ ಕೊಡಲು ಸಾಧ್ಯವಾಗುವ ಮೊತ್ತ.

ಈಗ ಸರ್ಟಿಫಿಕೇಟ್ ವಿಷಯ. ಈ ವ್ಯಾಪಾರದಲ್ಲಿ ಅತಿ ಹೆಚ್ಚು ಜನ ಕೈ ಸುಟ್ಟುಕೊಳ್ಳೋದು ಇಲ್ಲೇ. ಆ ಸರ್ಟಿಫಿಕೇಟ್ ಕೊಡಲು ಯಾವ ಲೈಸೆನ್ಸೂ ಬೇಕಿಲ್ಲ, ಯಾರು ಬೇಕಾದರೂ ಪ್ರಿಂಟ್ ಹಾಕಿ ಮೇಲೆ ಹೊಳೆಯುವ ಸ್ಟಿಕರ್ ಅಂಟಿಸಬಹುದು. 1990ರ ದಶಕದ ಕೊನೆಗೆ ಎಫ್‌ಬಿಐ 'ಆಪರೇಷನ್ ಬುಲ್‌ಪೆನ್' ಅನ್ನುವ ತನಿಖೆಯಲ್ಲಿ ಕ್ರೀಡಾಪಟುಗಳ ಖೋಟಾ ಸಹಿ ಮಾಡುತ್ತಿದ್ದ ದೊಡ್ಡ ಜಾಲವನ್ನು ಹಿಡಿಯಿತು. ಆ ಜಾಲ ಸಹಿ ಮಾತ್ರ ಮಾಡುತ್ತಿರಲಿಲ್ಲ, ಅದಕ್ಕೆ ತಕ್ಕ ಸರ್ಟಿಫಿಕೇಟುಗಳನ್ನೂ ಹೊಂದಿಸಿಕೊಡುತ್ತಿತ್ತು. ಹಾಗಾಗಿ ಸರ್ಟಿಫಿಕೇಟ್ ಯಾರು ಕೊಟ್ಟರು, ಅವರು ಏನನ್ನು ಪರೀಕ್ಷಿಸಿದರು, ತಪ್ಪಾದರೆ ಹಣ ವಾಪಸ್ ಕೊಡುತ್ತಾರಾ, ಎಷ್ಟು ವರ್ಷದವರೆಗೆ ಕೊಡುತ್ತಾರೆ, ಇಷ್ಟಕ್ಕೆ ಉತ್ತರ ಇಲ್ಲದಿದ್ದರೆ ಅದು ಬರೀ ಅಲಂಕಾರ. ನಿಮ್ಮ ಫೋಟೊದಲ್ಲಿರುವ ಸರ್ಟಿಫಿಕೇಟಿನಲ್ಲಿ ಪರೀಕ್ಷಿಸಿದವರ ಹೆಸರೇ ಇಲ್ಲ.

ಇನ್ನೊಂದು ನಂಬಿಕೆ ಇದೆ. ಪೇಪರ್ ಹಳೆಯದಾಗಿದ್ದರೆ ಬರಹವೂ ಹಳೆಯದೇ ಅಂತ. ಹಳೇ ಪುಸ್ತಕಗಳ ಮುಂದೆ ಹಿಂದೆ ಖಾಲಿ ಹಾಳೆಗಳಿರುತ್ತವಲ್ಲ, ಖೋಟಾ ಮಾಡುವವರಿಗೆ ಅದೇ ಬಂಡವಾಳ. ಪುಸ್ತಕ ಅಗ್ಗ, ಹಾಳೆ ನಿಜವಾಗಿಯೂ ಆ ಕಾಲದ್ದು. ಅದರಿಂದ ಪೇಪರ್ ಪರೀಕ್ಷೆ ಸುಳ್ಳನ್ನು ಹಿಡಿಯಲು ಉಪಯೋಗಕ್ಕೆ ಬರುತ್ತೆ, ನಿಜ ಅಂತ ಸಾಧಿಸಲು ಅಷ್ಟಾಗಿ ಬರಲ್ಲ. ಅಲ್ಟ್ರಾವಯಲೆಟ್ ದೀಪದ ಕೆಳಗೆ ಹಿಡಿದಾಗ ಪೇಪರ್ ನೀಲಿ ಬಿಳುಪಾಗಿ ಝಗ್ಗನೆ ಹೊಳೆದರೆ ಅದರಲ್ಲಿ ಬಿಳುಪು ಕೊಡುವ ರಾಸಾಯನಿಕ ಇದೆ ಅಂತ ಅರ್ಥ. ಆ ರಾಸಾಯನಿಕ ಪೇಪರ್‌ಗೆ ಬಳಕೆಯಾಗತೊಡಗಿದ್ದು ಎರಡನೇ ಮಹಾಯುದ್ಧ ಮುಗಿದ ಮೇಲೆ. 1936ರ ಕಾಗದ ಹಾಗೆ ಹೊಳೆಯೋ ಹಾಗಿಲ್ಲ. ಬಾಲ್‌ಪೆನ್ ಕೂಡ ಹಾಗೇ. ಅಮೆರಿಕದ ಅಂಗಡಿಗಳಿಗೆ ಅದು ಬಂದದ್ದು 1945ರ ಅಕ್ಟೋಬರ್‌ನಲ್ಲಿ. 1934ರಲ್ಲಿ ಸತ್ತ ಬ್ಯಾಂಕ್ ದರೋಡೆಕೋರ ಜಾನ್ ಡಿಲಿಂಜರ್‌ನ ಸಹಿ ಬಾಲ್‌ಪೆನ್‌ನಲ್ಲಿದ್ದರೆ ಮುಂದೆ ನೋಡೋದೇ ಬೇಡ. ನೀವು ಕಳಿಸಿದ ಫೋಟೊವನ್ನು ದೊಡ್ಡದು ಮಾಡಿ ನೋಡಿದರೆ ಗೆರೆ ತಿರುಗುವ ಜಾಗಗಳಲ್ಲಿ ಇಂಕಿನ ಸಣ್ಣ ಉಂಡೆಗಳು ಕಾಣುತ್ತವೆ. ಅದು ಬಾಲ್‌ಪೆನ್ ಗುಣ. ಕಾಗದ ಎದುರಿಗಿಲ್ಲದೆ ಇದನ್ನು ಖಚಿತ ಅಂತ ಹೇಳಲ್ಲ. ಒಂದು ಭೂತಗನ್ನಡಿ ಇದ್ದರೆ ನೀವೇ ನೋಡಬಹುದು.

ಆದರೆ ತಜ್ಞರೇ ಸೋತ ಕಥೆಗಳೂ ಇವೆ, ಇದನ್ನು ಸ್ವಲ್ಪ ವಿವರವಾಗಿ ಹೇಳಲೇಬೇಕು. 1983ರ ಏಪ್ರಿಲ್‌ನಲ್ಲಿ ಜರ್ಮನಿಯ 'ಸ್ಟರ್ನ್' ಪತ್ರಿಕೆ ಹಿಟ್ಲರ್‌ನ ದಿನಚರಿಗಳು ಸಿಕ್ಕಿವೆ ಅಂತ ಜಗತ್ತಿಗೆ ಸಾರಿತು. 93 ಲಕ್ಷ ಮಾರ್ಕ್ ಕೊಟ್ಟು ಕೊಂಡಿದ್ದರು. ಬರೆದವನು ಕೋನ್ರಾಡ್ ಕುಯಾವ್ ಅನ್ನುವ ಖೋಟಾಗಾರ. ಮಾಮೂಲಿ ನೋಟ್‌ಬುಕ್‌ಗಳಲ್ಲಿ ಬರೆದು, ಮೇಲೆ ಚಹಾ ಚೆಲ್ಲಿ ಹಳತು ಮಾಡಿದ್ದ. ಇದರಲ್ಲಿ ನನ್ನನ್ನು ಇವತ್ತಿಗೂ ಕಾಡುವುದು ಕೈಬರಹದ ಪರೀಕ್ಷೆ. ಪತ್ರಿಕೆಯವರು ತಜ್ಞರಿಗೆ ದಿನಚರಿಯ ಹಾಳೆ ಕೊಟ್ಟರು, ಹೋಲಿಸಿ ನೋಡಲು ಹಿಟ್ಲರ್‌ನದೇ ಅನ್ನಲಾದ ಬೇರೆ ಬರಹಗಳನ್ನೂ ಕೊಟ್ಟರು. ತಜ್ಞರು ಎರಡೂ ಒಂದೇ ಕೈ ಅಂದರು. ಸರಿಯಾಗಿಯೇ ಹೇಳಿದ್ದರು! ಯಾಕೆಂದರೆ ಹೋಲಿಕೆಗೆ ಕೊಟ್ಟ ಬರಹಗಳಲ್ಲೂ ಕುಯಾವ್‌ನ ಖೋಟಾಗಳೇ ಸೇರಿಕೊಂಡಿದ್ದವು. ಕೊನೆಗೆ ಜರ್ಮನಿಯ ರಾಷ್ಟ್ರೀಯ ಪತ್ರಾಗಾರ ಪರೀಕ್ಷೆ ಮಾಡಿಸಿದಾಗ ನಾನು ಮೇಲೆ ಹೇಳಿದ ಬಿಳುಪಿನ ರಾಸಾಯನಿಕವೇ ಸಿಕ್ಕಿಬಿತ್ತು. ಅದಕ್ಕೇ ನಾನು ಕೇಳುವ ಮೊದಲ ಪ್ರಶ್ನೆ "ಸಹಿ ಹೊಂದುತ್ತಾ" ಅಂತ ಅಲ್ಲ. "ಯಾವುದರ ಜೊತೆ ಹೋಲಿಸಿದಿರಿ, ಅದು ಎಲ್ಲಿಂದ ಬಂತು" ಅಂತ.

ಅಮೆರಿಕದಲ್ಲಿ ಮಾರ್ಕ್ ಹಾಫ್‌ಮನ್ ಅಂತ ಇನ್ನೊಬ್ಬ. ಯೂಟಾದವನು, ಹಳೇ ದಾಖಲೆಗಳ ವ್ಯಾಪಾರಿ. ಇಂಕನ್ನು ತಾನೇ ಕುದಿಸಿ, ಹಳೇ ಪೇಪರ್ ಹೊಂಚಿ, ದೊಡ್ಡ ದೊಡ್ಡ ಪರಿಣತರನ್ನೇ ನಂಬಿಸಿದ. ವ್ಯವಹಾರ ಬಿಗಿಯಾಗುತ್ತಾ ಬಂದಾಗ 1985ರ ಅಕ್ಟೋಬರ್‌ನಲ್ಲಿ ಸಾಲ್ಟ್ ಲೇಕ್ ಸಿಟಿಯಲ್ಲಿ ಬಾಂಬ್ ಇಟ್ಟು ಇಬ್ಬರನ್ನು ಕೊಂದ. ಆಮೇಲೆ ಅವನ ದಾಖಲೆಗಳನ್ನು ಮೈಕ್ರೋಸ್ಕೋಪ್‌ನಲ್ಲಿ ನೋಡಿದಾಗ ಇಂಕಿನ ಮೇಲೆ ಮೊಸಳೆ ಚರ್ಮದ ಹಾಗೆ ಸಣ್ಣ ಬಿರುಕುಗಳು ಕಂಡವು. ಕೃತಕವಾಗಿ ಹಳತು ಮಾಡಿದ್ದಕ್ಕೆ ಬಿದ್ದ ಬಿರುಕುಗಳು. ಅವನು ಇವತ್ತಿಗೂ ಜೈಲಲ್ಲಿದ್ದಾನೆ, ಆದರೆ ಅವನ ಕೈಚಳಕ ಇನ್ನೂ ಹೊರಗೆ ಓಡಾಡುತ್ತಿದೆ. ಅವನು ಬರೆದ ಎಮಿಲಿ ಡಿಕಿನ್‌ಸನ್ 'ಕವಿತೆ' ಒಂದು 1997ರಲ್ಲಿ ದೊಡ್ಡ ಹರಾಜಿನಲ್ಲೇ ಮಾರಾಟವಾಗಿ, ಡಿಕಿನ್‌ಸನ್ ಊರಿನ ಲೈಬ್ರರಿಯೇ ಅದನ್ನು ಕೊಂಡು, ಆಮೇಲೆ ಹಣ ವಾಪಸ್ ಪಡೆಯಬೇಕಾಯಿತು. ಹಣ ವಾಪಸ್ ಸಿಕ್ಕಿದ್ದು ಮಾರಿದವರಿಗೆ ಒಂದು ವಿಳಾಸ, ಒಂದು ಹೆಸರು ಇತ್ತು ಅನ್ನೋ ಕಾರಣಕ್ಕೆ. ನಿಮ್ಮ ವ್ಯಾಪಾರಿಗೆ ಅದೂ ಇಲ್ಲ.

ಹಾಗಾದರೆ ಏನನ್ನು ನಂಬೋದು ಅಂತ ಕೇಳ್ತೀರಿ. ಆ ಕಾಗದ ಬರೆದವನ ಕೈಯಿಂದ ಇವತ್ತಿನ ಮಾರಾಟಗಾರನ ಕೈಗೆ ಹೇಗೆ ಬಂತು ಅನ್ನುವ ದಾರಿಯನ್ನು. ಅಪರಾಧಿಗಳ ವಿಷಯದಲ್ಲಿ ಇದು ಬೇರೆಯವರಿಗಿಂತ ಹೆಚ್ಚು ಮುಖ್ಯ, ಯಾಕೆಂದರೆ ಪ್ರತಿಯೊಬ್ಬನ ಬದುಕು ಎಂಥ ಕಾಗದ ಉಳಿಯಲು ಸಾಧ್ಯ ಅನ್ನೋದನ್ನು ಮೊದಲೇ ನಿರ್ಧರಿಸಿರುತ್ತೆ. ಲಿಂಕನ್‌ನನ್ನು 1865ರಲ್ಲಿ ಕೊಂದ ಜಾನ್ ವಿಲ್ಕ್ಸ್ ಬೂತ್ ಹೆಸರುವಾಸಿ ನಟನಾಗಿದ್ದ. ಅಂಥವನ ಕಾಗದಗಳು ಬೇಕಾದಷ್ಟು ಉಳಿಯಬೇಕಿತ್ತು. ಆದರೆ ಕೊಲೆಯಾದ ಮೇಲೆ, ತಮ್ಮನ್ನೂ ಸಂಚಿನಲ್ಲಿ ಸೇರಿಸಿಬಿಡುತ್ತಾರೆ ಅನ್ನುವ ಭಯಕ್ಕೆ ಜನ ಅವನ ಕಾಗದಗಳನ್ನು ಸುಟ್ಟುಹಾಕಿದರು. ಅದಕ್ಕೇ ಅವನ ಸಹಿ ಅಷ್ಟು ಅಪರೂಪ, ಅಷ್ಟು ದುಬಾರಿ. ಕೊಲೆಗಾರ ಬಿಲ್ಲಿ ದಿ ಕಿಡ್ ಬದುಕಿದ್ದೇ ಇಪ್ಪತ್ತೊಂದು ವರ್ಷದ ಆಸುಪಾಸು. ಅವನದೆಂದು ಒಪ್ಪುವ ಕಾಗದಗಳಲ್ಲಿ ಮುಖ್ಯವಾದವು ನ್ಯೂ ಮೆಕ್ಸಿಕೊ ಗವರ್ನರ್ ಲೂ ವಾಲೇಸ್‌ಗೆ ಕ್ಷಮಾದಾನ ಕೇಳಿ ಬರೆದವು, ಅವು ಸಂಸ್ಥೆಗಳ ಕೈಯಲ್ಲಿವೆ. ಆಸ್ಟ್ರೇಲಿಯಾದ ದರೋಡೆಕೋರ ನೆಡ್ ಕೆಲ್ಲಿಯ ಹೆಸರಾಂತ ಜೆರಿಲ್ಡರಿ ಪತ್ರ 1879ರದ್ದು, ಮೆಲ್ಬರ್ನ್‌ನ ಸ್ಟೇಟ್ ಲೈಬ್ರರಿಯಲ್ಲಿದೆ. ಮಾತು ಕೆಲ್ಲಿಯದು, ಕೈಬರಹ ಅವನ ಗೆಳೆಯ ಜೋ ಬರ್ನ್‌ನದು. ನಾಳೆ ಯಾರಾದರೂ ಆ ಪತ್ರದ ಅಕ್ಷರಕ್ಕೆ ಪೂರ್ತಿ ಹೊಂದುವ 'ನೆಡ್ ಕೆಲ್ಲಿ ಕೈಬರಹ' ತಂದರೆ, ಆ ಹೊಂದಿಕೆಯೇ ಅದು ಖೋಟಾ ಅನ್ನಲು ಸಾಕ್ಷಿ!

ಮನೆಯವರಿಂದ ಬಂದದ್ದಾದರೆ ಅಸಲಿ ಅಂತಲೂ ಕಣ್ಣು ಮುಚ್ಚಿ ನಂಬೋ ಹಾಗಿಲ್ಲ. ಬ್ಯಾಂಕ್, ರೈಲು ದರೋಡೆಕೋರ ಜೆಸ್ಸಿ ಜೇಮ್ಸ್ 1882ರಲ್ಲಿ ಸತ್ತ ಮೇಲೆ ಅವನ ತಾಯಿ ಮಿಸ್ಸೌರಿಯ ತೋಟದ ಮನೆಗೆ ಬಂದವರಿಗೆ ಅವನ ಸಮಾಧಿಯ ಮೇಲಿನ ಬೆಣಚುಕಲ್ಲುಗಳನ್ನು ಮಾರುತ್ತಿದ್ದಳು. ಖಾಲಿಯಾದ ಹಾಗೆ ಪಕ್ಕದ ಹೊಳೆಯಿಂದ ಕಲ್ಲು ತಂದು ತುಂಬಿಸುತ್ತಿದ್ದಳು ಅಂತ ಅಲ್ಲಿನವರು ಹೇಳುತ್ತಾರೆ. ಗಂಡುಮಗನನ್ನು ಕಳೆದುಕೊಂಡು ಹೊಟ್ಟೆಪಾಡಿಗೆ ನಿಂತ ಹೆಂಗಸು, ಅವಳನ್ನು ನಾನು ಬೈಯಲಾರೆ. ಆದರೆ 'ತಾಯಿಯೇ ಕೊಟ್ಟದ್ದು' ಅನ್ನುವ ಒಂದು ಮಾತಿನ ಮೇಲೆ ಬೆಲೆ ಕಟ್ಟೋದು ಕಷ್ಟ, ಅಲ್ವಾ?

ಬಾನಿ ಉಡುಪಿನ ಚೂರಿಗೆ ಬರೋಣ. 1934ರ ಮೇ 23ರಂದು ಲೂಸಿಯಾನಾದ ಒಂದು ಹಳ್ಳಿ ರಸ್ತೆಯಲ್ಲಿ ಬಾನಿ ಮತ್ತು ಕ್ಲೈಡ್ ಪೊಲೀಸರ ಗುಂಡಿಗೆ ಸತ್ತಾಗ ಸುತ್ತಲಿನ ಜನ ಮುಗಿಬಿದ್ದು ಅವಳ ಕೂದಲು, ಬಟ್ಟೆ ಕತ್ತರಿಸಿಕೊಂಡದ್ದು ನಿಜ. ಕ್ಲೈಡ್‌ನ ಬೆರಳು ಕತ್ತರಿಸಲೂ ಹೋದರು. ಆ ನಿಜ ಘಟನೆಯೇ ಖೋಟಾಗಾರನಿಗೆ ಆಸರೆ. ಆ ದಿನ ಯಾರು ಎಷ್ಟು ಕತ್ತರಿಸಿಕೊಂಡರು ಅಂತ ಯಾರೂ ಬರೆದಿಟ್ಟಿಲ್ಲ, ಹಾಗಾಗಿ ಹಳೇ ಹತ್ತಿಬಟ್ಟೆಯ ಯಾವ ಚೂರಾದರೂ 'ಇರಬಹುದು' ಆಗಿಬಿಡುತ್ತೆ. ಕ್ಲೈಡ್ ಕೊನೆಗೆ ತೊಟ್ಟಿದ್ದ ಶರ್ಟ್ 1997ರಲ್ಲಿ 85,000 ಡಾಲರ್‌ಗೆ ಹೋಯಿತು. ಅದು ಬಂದದ್ದು ಕುಟುಂಬದ ಕೈಯಿಂದ, ಇಡೀ ಶರ್ಟು, ಗುಂಡಿನ ತೂತುಗಳ ಸಮೇತ. ಎರಡಕ್ಕೂ ಹೋಲಿಕೆಯೇ ಇಲ್ಲ.

ಕ್ಲೈಡ್ ಹೆಸರು ಬಂದದ್ದರಿಂದ ಇನ್ನೊಂದು ಕಾಗದದ ಮಾತು. 1934ರ ಏಪ್ರಿಲ್ 10ರ ದಿನಾಂಕದ, ತುಲ್ಸಾದಿಂದ ಹೆನ್ರಿ ಫೋರ್ಡ್‌ಗೆ ಬರೆದ ಒಂದು ಕಾಗದ ಡಿಯರ್‌ಬಾರ್ನ್‌ನ ಫೋರ್ಡ್ ಮ್ಯೂಸಿಯಂನಲ್ಲಿದೆ. ನಿಮ್ಮ ಕಾರು ಬಹಳ ಚೆನ್ನಾಗಿದೆ, ಕದಿಯಲು ಸಿಕ್ಕಾಗಲೆಲ್ಲ ಅದನ್ನೇ ಓಡಿಸಿದ್ದೇನೆ ಅನ್ನುವ ಅರ್ಥದ್ದು. ಕೆಳಗೆ 'ಕ್ಲೈಡ್ ಚಾಂಪಿಯನ್ ಬ್ಯಾರೋ' ಅಂತ ಸಹಿ. ಅವನ ನಿಜವಾದ ನಡುಹೆಸರು ಚೆಸ್ಟ್‌ನಟ್, ಆದ್ದರಿಂದ ಇದು ಸುಳ್ಳು ಅಂತ ಕೆಲವರ ವಾದ. ಆದರೆ ಜೈಲಿಗೆ ಸೇರುವಾಗ ಅವನೇ 'ಚಾಂಪಿಯನ್' ಅಂತ ಬರೆಸಿದ್ದ. ಕೈಬರಹದ ಬಗ್ಗೆಯೂ ಜಗಳ ಮುಗಿದಿಲ್ಲ. ಮೊದಲ ದಿನದಿಂದ ಒಂದೇ ಸಂಸ್ಥೆಯ ಕೈಯಲ್ಲಿರುವ ಕಾಗದದ ಗತಿಯೇ ಹೀಗಿದ್ದರೆ, ದಾರಿಯೇ ಗೊತ್ತಿಲ್ಲದ ಕಾಗದಕ್ಕೆ ಏನು ಹೇಳೋಣ.

ಕಾನೂನಿನ ಪ್ರಶ್ನೆಗೆ ಸ್ವಲ್ಪ ಬಿಡಿಸಿ ಉತ್ತರ ಹೇಳಬೇಕು. ಎಷ್ಟೋ ದಶಕಗಳ ಹಿಂದೆ ಸತ್ತ ಅಪರಾಧಿಯ ಕಾಗದ ಕೊಳ್ಳುವುದು, ಇಟ್ಟುಕೊಳ್ಳುವುದು ಅಮೆರಿಕದಲ್ಲಿ ಅಪರಾಧ ಅಲ್ಲ. ಜನ ಗೊಂದಲ ಮಾಡಿಕೊಳ್ಳೋದು ಬೇರೆ ಕಾನೂನುಗಳ ಜೊತೆ. ನ್ಯೂಯಾರ್ಕ್ 1977ರಲ್ಲಿ ಒಂದು ಕಾನೂನು ತಂದಿತು, ಅಪರಾಧಿ ತನ್ನ ಅಪರಾಧದ ಕಥೆ ಮಾರಿ ದುಡ್ಡು ಮಾಡಬಾರದು ಅಂತ. ಅಮೆರಿಕದ ಸುಪ್ರೀಂ ಕೋರ್ಟ್ 1991ರಲ್ಲಿ ಅದನ್ನು ರದ್ದು ಮಾಡಿತು, ಆಮೇಲೆ ತಿದ್ದಿದ ರೂಪಗಳು ಬಂದವು. ನೀವಿರುವ ಟೆಕ್ಸಾಸ್‌ನಲ್ಲೂ ಕುಖ್ಯಾತಿಯಿಂದ ಅಪರಾಧಿಗೆ ಲಾಭ ಹೋಗದಂತೆ ತಡೆಯುವ ನಿಯಮ ಇದೆ. ಇವು ಮುಖ್ಯವಾಗಿ ಬದುಕಿರುವ, ಜೈಲಲ್ಲಿರುವ ಅಪರಾಧಿಗಳ ವಿಷಯ. ಇಬೇ 2001ರಲ್ಲೇ ಕೊಲೆಗಾರರ ವಸ್ತುಗಳ ಮಾರಾಟ ನಿಲ್ಲಿಸಿತು. ಅದರ ಪರಿಣಾಮ ಏನಾಯಿತು ಅಂದರೆ ಇಂಥ ವ್ಯಾಪಾರ ಸಣ್ಣ ಸೈಟುಗಳಿಗೆ, ಖಾಸಗಿ ಮೆಸೇಜುಗಳಿಗೆ ಸರಿಯಿತು. ಅಲ್ಲಿ ಮೋಸ ಹೋದರೆ ದೂರು ಕೇಳುವವರಿಲ್ಲ.

ನಿಜವಾಗಿ ನಿಮ್ಮನ್ನು ಕಾನೂನು ಕಟ್ಟಿಹಾಕೋದು ಒಡೆತನದ ವಿಷಯದಲ್ಲಿ. ನಿಮ್ಮ ಪಕ್ಕದ ಊರಿನ ಪ್ರಕರಣವೇ ಇದೆ. ಕೆನಡಿಯನ್ನು ಕೊಂದ ಆರೋಪದ ಲೀ ಹಾರ್ವಿ ಆಸ್ವಾಲ್ಡ್‌ನ ಶವವನ್ನು 1981ರಲ್ಲಿ ಪರೀಕ್ಷೆಗೆ ಹೊರತೆಗೆದಾಗ ಹಳೇ ಪೆಟ್ಟಿಗೆ ಹಾಳಾಗಿತ್ತು, ಹೊಸದರಲ್ಲಿ ಮತ್ತೆ ಹೂಳಿದರು. ಹಳೆಯದನ್ನು ಅಂತ್ಯಕ್ರಿಯೆ ನಡೆಸಿದ ಸಂಸ್ಥೆ ಇಟ್ಟುಕೊಂಡಿತು, 2010ರಲ್ಲಿ ಅದು 87,468 ಡಾಲರ್‌ಗೆ ಹರಾಜಾಯಿತು. ಆಸ್ವಾಲ್ಡ್‌ನ ಅಣ್ಣ ಕೋರ್ಟಿಗೆ ಹೋದರು. 2015ರಲ್ಲಿ ಫೋರ್ಟ್ ವರ್ತ್‌ನ ನ್ಯಾಯಾಧೀಶರು ಪೆಟ್ಟಿಗೆ ಅಣ್ಣನದೇ ಅಂತ ತೀರ್ಪಿತ್ತರು, ಅಷ್ಟೇ ಮೊತ್ತದ ಪರಿಹಾರವನ್ನೂ ಕೊಡಿಸಿದರು. ವಸ್ತು ನೂರಕ್ಕೆ ನೂರು ಅಸಲಿ. ಮಾರಿದವರಿಗೆ ಮಾರುವ ಹಕ್ಕು ಇರಲಿಲ್ಲ, ಅಷ್ಟೇ.

ಪೊಲೀಸ್, ಕೋರ್ಟ್, ಜೈಲಿನ ಕಡತಗಳಿಂದ ಕಳಚಿಕೊಂಡು ಬಂದ ಕಾಗದಗಳಲ್ಲಿ ಈ ತೊಂದರೆ ಜಾಸ್ತಿ. ಲಂಡನ್ನಿನ ಜ್ಯಾಕ್ ದಿ ರಿಪ್ಪರ್ ಸರಣಿ ಕೊಲೆ ಪ್ರಕರಣದ, ಕೊಲೆಗಾರನದೆನ್ನಲಾದ ಹೆಸರಾಂತ 'ಡಿಯರ್ ಬಾಸ್' ಕಾಗದ 1888ರದ್ದು. ಅದು ಪೊಲೀಸ್ ಕಡತದಿಂದ ಮಾಯವಾಗಿ, 1980ರ ದಶಕದಲ್ಲಿ ಯಾರೋ ಹೆಸರು ಹೇಳದೆ ಅಂಚೆಯಲ್ಲಿ ವಾಪಸ್ ಕಳಿಸಿದರು. ಅಷ್ಟು ವರ್ಷ ಅದು ಯಾರದೋ ಮನೆಯಲ್ಲಿತ್ತು ತಾನೇ? ಆದ್ದರಿಂದ ಕೋರ್ಟಿನ ಮೊಹರು, ಕಡತದ ನಂಬರು, ಫೈಲಿಗೆ ಹಾಕಿದ ತೂತು ಕಂಡರೆ ಖುಷಿಪಡುವ ಮೊದಲು, ಇದನ್ನು ಸರ್ಕಾರ ಅಧಿಕೃತವಾಗಿ ವಿಲೇವಾರಿ ಮಾಡಿದ್ದಕ್ಕೆ ಪತ್ರ ಇದೆಯಾ ಅಂತ ಕೇಳಿ. ಇಲ್ಲದಿದ್ದರೆ ಯಾವತ್ತಾದರೂ ಪತ್ರಾಗಾರದವರು ಬಂದು ವಾಪಸ್ ಕೇಳಬಹುದು, ನಿಮ್ಮ ಹಣ ಹೋದಂತೆಯೇ.

ನಿಮ್ಮ ಮನೆಯವರ ಮಾತಿಗೆ ಬರ್ತೀನಿ. ಕಾಗದದಿಂದ ಕೇಡಾಗುತ್ತೆ ಅನ್ನೋದಕ್ಕೆ ಆಧಾರ ಇಲ್ಲ. ಇಂಥ ಕಾಗದಗಳ ನಡುವೆಯೇ ಕೆಲಸ ಮಾಡುವ ಪತ್ರಾಗಾರದವರು, ಮ್ಯೂಸಿಯಂನವರು ಎಷ್ಟೋ ಜನ ಇದ್ದಾರೆ, ಎಲ್ಲರೂ ನಮ್ಮ ನಿಮ್ಮ ಹಾಗೇ ಇದ್ದಾರೆ. ಆದರೆ ನಿಮ್ಮ ಮನೆಯವರ ಮಾತಿನ ಹಿಂದೆ ಇರೋದು ಬರೀ ಶಕುನದ ಭಯ ಅಂತ ನನಗೆ ಅನಿಸಲ್ಲ. ಫೋರ್ಡ್ ಕಾಗದದ ದಿನಾಂಕ ಮತ್ತೊಮ್ಮೆ ನೋಡಿ, ಏಪ್ರಿಲ್ 10. ಅದಕ್ಕೆ ಒಂಬತ್ತು ದಿನ ಮೊದಲು, ಈಸ್ಟರ್ ಭಾನುವಾರ, ನಿಮ್ಮ ಮನೆಯಿಂದ ಹೆಚ್ಚು ದೂರವಿಲ್ಲದ ಗ್ರೇಪ್‌ವೈನ್ ಬಳಿ ಬ್ಯಾರೋ ಗುಂಪು ಇಬ್ಬರು ಹೆದ್ದಾರಿ ಪೊಲೀಸರನ್ನು ಕೊಂದಿತ್ತು. ಅವರಲ್ಲಿ ಒಬ್ಬರಿಗೆ ಮದುವೆ ಗೊತ್ತಾಗಿತ್ತು, ಆ ಹುಡುಗಿ ಮದುವೆಗೆ ಹೊಲಿಸಿದ ಬಟ್ಟೆಯಲ್ಲೇ ಅಂತ್ಯಕ್ರಿಯೆಗೆ ಬಂದಿದ್ದಳು. ಕಾಗದದ ದಿನಾಂಕಕ್ಕೆ ನಾಲ್ಕು ದಿನ ಮೊದಲು ಓಕ್ಲಹೋಮಾದಲ್ಲಿ ಇನ್ನೊಬ್ಬ ಪೇದೆಯನ್ನು ಕೊಂದಿತ್ತು. ಕಾರು ಚೆನ್ನಾಗಿದೆ ಅನ್ನುವ ಆ ಕಾಗದವನ್ನು ಓದುವಾಗ ಇವೂ ಪಕ್ಕದಲ್ಲಿ ಇರಬೇಕು. ಗೋಡೆಗೆ ಚೌಕಟ್ಟು ಹಾಕಿ ಕಪೋನ್ ಸಹಿ ತೂಗುಹಾಕುವುದು ಬೇರೆ, ಆ ಕಾಲದ ಕಾಗದಗಳ ನಡುವೆ ಅದನ್ನೂ ಇಟ್ಟು ಚರಿತ್ರೆ ಅರ್ಥ ಮಾಡಿಕೊಳ್ಳುವುದು ಬೇರೆ. ಮನೆಯವರ ಜೊತೆ ಈ ಬಗ್ಗೆ ಕೂತು ಮಾತಾಡಿ. ಹಾಲ್‌ನಲ್ಲಿ ಬೇಡ, ಪೆಟ್ಟಿಗೆಯಲ್ಲಿರಲಿ ಅಂದರೆ ಅದು ಒಪ್ಪಬೇಕಾದ ಮಾತೇ, ಕಾಗದಕ್ಕೂ ಅದೇ ಒಳ್ಳೇದು.

ನನ್ನ ಸ್ವಂತ ಗಡಿ ಹೀಗಿದೆ. ಸತ್ತವರ ಹತ್ತಿರದ ಸಂಬಂಧಿಕರು ಇನ್ನೂ ಬದುಕಿದ್ದರೆ ಆ ಕೊಲೆಗಾರನ ವಸ್ತುವಿಗೆ ನಾನು ಕೈ ಹಾಕಲ್ಲ, ಬೆಲೆಯನ್ನೂ ಕಟ್ಟಿಕೊಡಲ್ಲ. ಜೈಲಿನಲ್ಲಿರುವವನಿಗೆ ಕಾಗದ ಬರೆದು, ಅವನ ಉತ್ತರ ಮಾರುವ ದಂಧೆ ಇದೆ, ಅದು ನನ್ನ ಮಟ್ಟಿಗೆ ಹೊಲಸು. ಒಂದು ಬೇರೆ ಮಾದರಿಯೂ ಇದೆ. ಬಾಂಬ್ ಕಳಿಸಿ ಜನರನ್ನು ಕೊಂದ ಟೆಡ್ ಕಜಿನ್‌ಸ್ಕಿಯ ಟೈಪ್‌ರೈಟರ್, ಬರಹಗಳನ್ನು 2011ರಲ್ಲಿ ಸರ್ಕಾರವೇ ಹರಾಜು ಹಾಕಿ, ಬಂದ ಸುಮಾರು 2,32,000 ಡಾಲರ್ ಅನ್ನು ನೊಂದವರಿಗೆ ಹಂಚಲು ಕೋರ್ಟ್ ಹೇಳಿತು. ಅಲ್ಲಿ ಅಸಲಿಯೋ ಅನ್ನುವ ಅನುಮಾನವೂ ಇಲ್ಲ, ಹಣ ಎಲ್ಲಿಗೆ ಹೋಗುತ್ತೆ ಅನ್ನುವ ಮುಜುಗರವೂ ಕಡಿಮೆ. ಆದರೂ ನೊಂದ ಕುಟುಂಬಗಳು ಇನ್ನೂ ಇರುವುದರಿಂದ ಅದೂ ನನ್ನ ಮನಸ್ಸಿಗೆ ಹಿಡಿಸಲ್ಲ.

ಇನ್ನು ನಿಮಗೆ ಏನು ದಾರಿ. ಕಪೋನ್‌ನದೇ ಬೇಕು ಅಂತಿದ್ದರೆ ಹಣ ಕೂಡಿಸಿ, ಕಾಯಿರಿ, ಹೆಸರಿರುವ ಹರಾಜು ಸಂಸ್ಥೆಯಲ್ಲೇ ಕೊಳ್ಳಿ. ಕೂಗಿದ ಬೆಲೆಯ ಮೇಲೆ ಸಾಮಾನ್ಯವಾಗಿ ಕಾಲು ಭಾಗದಷ್ಟು ಸಂಸ್ಥೆಯ ಶುಲ್ಕ ಬೀಳುತ್ತೆ, ಅದನ್ನು ಮರೆತು ಕೈ ಎತ್ತಬೇಡಿ. ಆ ಶುಲ್ಕದ ಕಾರಣಕ್ಕೇ ಕೊಂಡ ಮರುವರ್ಷ ಮಾರಿದರೆ ನಷ್ಟ ಗ್ಯಾರಂಟಿ ಅನ್ನಬಹುದು. ಬೆಲೆ ಏರುತ್ತಾ ಅಂತ ಕೇಳಿದಿರಿ. ಒಳ್ಳೆಯ ದಾಖಲೆ ಇರುವ, ಅಪರೂಪದ ಕೆಲವು ವಸ್ತುಗಳು ಏರಿವೆ. ಬಿಲ್ಲಿ ದಿ ಕಿಡ್‌ನನ್ನು ಕೊಂದ ಪಿಸ್ತೂಲು 2021ರಲ್ಲಿ 60 ಲಕ್ಷ ಡಾಲರ್ ದಾಟಿದ್ದನ್ನು ಎಲ್ಲರೂ ಹೇಳುತ್ತಾರೆ. ಎರಡು ಸಾವಿರದ ಕಾಗದ ಕೊಂಡು ಮಾರಲಾಗದೆ ಕೂತವರ ಸುದ್ದಿ ಪೇಪರ್‌ನಲ್ಲಿ ಬರಲ್ಲ. ಹೂಡಿಕೆ ಅಂತ ಕೊಳ್ಳಬೇಡಿ.

ನನ್ನನ್ನು ಕೇಳಿದರೆ ಅಪರಾಧಿಯ ಸುತ್ತಲಿನವರ ಕಾಗದಗಳು ಇದಕ್ಕಿಂತ ಎಷ್ಟೋ ಚೆನ್ನ. ಲೂ ವಾಲೇಸ್ ಗವರ್ನರ್ ಅಷ್ಟೇ ಅಲ್ಲ, ಹೆಸರಾದ ಕಾದಂಬರಿಕಾರ ಕೂಡ. ಕೈತುಂಬ ಕಾಗದ ಬರೆದವನು, ಅಸಲಿ ಕಾಗದ ಸಾಧಾರಣ ಬೆಲೆಗೆ ಸಿಗುತ್ತೆ. ಎಫ್‌ಬಿಐನ ಎಡ್ಗರ್ ಹೂವರ್ ಸಹಿ ಇರುವ ಕಾಗದಗಳು ಬೇಕಾದಷ್ಟಿವೆ, ಆದರೆ ಕಚೇರಿಯವರೇ ಹಾಕಿದ ಸಹಿಗಳೂ ಇವೆ, ನೋಡಿಕೊಳ್ಳಬೇಕು. 1930ರ ದಶಕದ ಪತ್ರಿಕಾ ಫೋಟೊಗಳು ನನಗೆ ತುಂಬಾ ಇಷ್ಟ. ಹಿಂಭಾಗದಲ್ಲಿ ಏಜೆನ್ಸಿ ಮೊಹರು, ದಿನಾಂಕ, ಅಂಟಿಸಿದ ಸುದ್ದಿಚೀಟಿ ಎಲ್ಲ ಇರುತ್ತೆ, ಅಂದರೆ ಅದು ಬಂದ ದಾರಿ ಅದರ ಬೆನ್ನ ಮೇಲೇ ಬರೆದಿರುತ್ತೆ. ಪೊಲೀಸರ 'ಬೇಕಾಗಿದ್ದಾರೆ' ಪೋಸ್ಟರ್‌ಗಳ ವಿಷಯದಲ್ಲಿ ಮಾತ್ರ ಹುಷಾರು, ಪ್ರವಾಸಿಗರಿಗಾಗಿ ಅಚ್ಚು ಹಾಕಿದ ನಕಲುಗಳು ಬಹಳ. ಭೂತಗನ್ನಡಿಯಲ್ಲಿ ಚುಕ್ಕಿ ಚುಕ್ಕಿ ಕಂಡರೆ ಅದು ಫೋಟೊ ತೆಗೆದು ಮರುಮುದ್ರಿಸಿದ್ದಿರಬಹುದು.

ಊರಿಗೆ ಒಯ್ಯುವ ಪ್ರಶ್ನೆ ಉಳಿಯಿತು. ಭಾರತದ 1972ರ ಪುರಾತನ ವಸ್ತು ಕಾಯಿದೆಯಲ್ಲಿ, ಚಾರಿತ್ರಿಕ ಮೌಲ್ಯವಿರುವ 75 ವರ್ಷ ದಾಟಿದ ಹಸ್ತಪ್ರತಿ, ದಾಖಲೆಗಳೂ ಪುರಾತನ ವಸ್ತುಗಳೇ. ತರೋದು ದೊಡ್ಡ ಕಷ್ಟವಲ್ಲ, ಆದರೆ ಒಮ್ಮೆ ತಂದಮೇಲೆ ಮಾರಲು ಹೊರಗೆ ಕಳಿಸುವಾಗ ಅಧಿಕಾರಿಗಳು ತಡೆದು ಪ್ರಶ್ನೆ ಕೇಳಬಹುದು. ಅಮೆರಿಕದಲ್ಲಿ ಕೊಂಡ ರಸೀದಿ, ಭಾರತಕ್ಕೆ ತಂದಾಗಿನ ಕಸ್ಟಮ್ಸ್ ಕಾಗದ ಎರಡನ್ನೂ ಜೋಪಾನ ಮಾಡಿ, ಹೊರಡುವ ಮೊದಲು ಪುರಾತತ್ವ ಇಲಾಖೆಯಲ್ಲೋ ಒಬ್ಬ ಕಸ್ಟಮ್ಸ್ ಏಜೆಂಟರ ಹತ್ತಿರವೋ ಕೇಳಿಕೊಳ್ಳಿ. ಬಂದೂಕಿನ ಆಸೆ ಇದ್ದರೆ ಅದನ್ನು ಅಮೆರಿಕದಲ್ಲೇ ಬಿಡಿ.

ಮಲೆನಾಡಿನ ಮಳೆಗಾಲ ಕಾಗದಕ್ಕೆ ಶತ್ರು. ತೇವಕ್ಕೆ ಬೂಷ್ಟು ಬರುತ್ತೆ, ಹುಳ ಬೀಳುತ್ತೆ, ಗೆದ್ದಲು ಕೇಳಲೇಬೇಡಿ. ತೇವಾಂಶ ಶೇ. 35ರಿಂದ 50ರ ಒಳಗಿರುವ ಕೋಣೆ ಬೇಕು. ಆಮ್ಲವಿಲ್ಲದ ಪೇಪರ್‌ನ ಫೋಲ್ಡರ್, ಅದೇ ಥರದ ಪೆಟ್ಟಿಗೆ. ಪಾರದರ್ಶಕ ಪಾಲಿಯೆಸ್ಟರ್ ಕವರು ಇಂಕಿನ ಕಾಗದಕ್ಕೆ ಪರವಾಗಿಲ್ಲ, ಪೆನ್ಸಿಲ್ ಬರಹಕ್ಕೆ ಬೇಡ, ಅದರ ಸ್ಥಿರವಿದ್ಯುತ್ತು ಪೆನ್ಸಿಲ್ ಪುಡಿಯನ್ನು ಎಳೆದುಕೊಳ್ಳುತ್ತೆ. ಲ್ಯಾಮಿನೇಷನ್ ಯಾವ ಕಾರಣಕ್ಕೂ ಮಾಡಿಸಬೇಡಿ. ನಮ್ಮ ಕಡೆ ಜನ ಒಳ್ಳೆ ಮನಸ್ಸಿನಿಂದ ಅಜ್ಜನ ಕಾಗದಗಳಿಗೆಲ್ಲ ಲ್ಯಾಮಿನೇಷನ್ ಮಾಡಿಸಿಬಿಡುತ್ತಾರೆ, ಅದನ್ನು ನೋಡಿದಾಗ ನನಗೆ ಹೊಟ್ಟೆ ಉರಿಯುತ್ತೆ. ತೆಗೆಯಲು ಹೋದರೆ ಕಾಗದವೇ ಹೋಗುತ್ತೆ. ಚೌಕಟ್ಟಿಗೆ ಹಾಕುವ ಆಸೆಯಿದ್ದರೆ ಒಂದು ಒಳ್ಳೆ ಕಲರ್ ಪ್ರಿಂಟ್ ತೆಗೆಸಿ ಅದನ್ನು ಹಾಕಿ.

ಆ ವ್ಯಾಪಾರಿಗೆ ಇಷ್ಟು ಬರೆದು ನೋಡಿ: ಈ ಕಾಗದ ಮೊದಲು ಯಾರಿಗೆ ಬಂದಿತ್ತು, ಅವರಿಂದ ನಿಮಗೆ ಹೇಗೆ ಬಂತು, ಲಕೋಟೆ ಇದೆಯಾ, ಹಿಂದಿನ ಮಾರಾಟದ ರಸೀದಿ ಇದೆಯಾ, ನಾನು ಆರಿಸಿದ ಪರೀಕ್ಷಕರು ಖೋಟಾ ಅಂದರೆ ಪೂರ್ತಿ ಹಣ ವಾಪಸ್ ಕೊಡುತ್ತೇನೆ ಅಂತ ಬರೆದುಕೊಡ್ತೀರಾ. ಹಣವನ್ನು ಸ್ನೇಹಿತರಿಗೆ ಕಳಿಸುವ ಆ್ಯಪ್‌ನಲ್ಲಿ, ಗಿಫ್ಟ್ ಕಾರ್ಡ್‌ನಲ್ಲಿ, ಬಿಟ್‌ಕಾಯಿನ್‌ನಲ್ಲಿ ಕೇಳಿದರೆ ಮಾತು ಅಲ್ಲಿಗೇ ನಿಲ್ಲಿಸಿ. ಮುಂಗಡ ಅಂತ ಈಗಾಗಲೇ ಏನಾದರೂ ಕ್ರೆಡಿಟ್ ಕಾರ್ಡ್‌ನಲ್ಲಿ ಕೊಟ್ಟಿದ್ದರೆ ಇವತ್ತೇ ಬ್ಯಾಂಕಿಗೆ ಫೋನ್ ಮಾಡಿ ತಕರಾರು ದಾಖಲಿಸಿ. ಅದಕ್ಕೆ ಗಡುವು ಇರುತ್ತೆ, ತಡ ಮಾಡಬೇಡಿ. ಅವನು ಲಕೋಟೆಯ ಫೋಟೊ ಕಳಿಸಿದರೆ ನನಗೂ ಕಳಿಸಿ, ಅಂಚೆ ಮೊಹರು ನೋಡಿ ಹೇಳುತ್ತೇನೆ.